ಗೋಪುರವಿಲ್ಲದ ಊರಿಗೆ ಆಂಟೆನಾ

ಹುಮನಾಬಾದ–ಬಸವಕಲ್ಯಾಣ ಸೀಮೆಯ ಘಾಟಬೋರಾಳದಂತಹ ಊರುಗಳ ಮಾಳಿಗೆಗಳ ಮೇಲೆ ಕಣ್ಣಾಡಿಸಿದವರಿಗೆ ಟೀವಿಗೆ ಸಂಬಂಧಿಸಿದ ಎರಡು ಬಗೆಯ ಸಾಮಾನುಗಳು ಕಾಣಸಿಗುತ್ತವೆ. ಒಂದು, ಮೂಡಣಕ್ಕೂ ತೆಂಕಣಕ್ಕೂ ನಡುವೆ ಮೋರೆ ಮಾಡಿ ಕುಳಿತ ಛತ್ರಿಗಳು. ಇನ್ನೊಂದು, ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ, ತುಕ್ಕು ಹಿಡಿದ ಕಬ್ಬಿಣದ ಕೊಳವೆ ಹಾಗೂ ಅದರ ತುದಿಯಲ್ಲಿ ಹಲ್ಲು ಮುರಿದ ಹಣಿಗೆಯಂತಿರುವ ಅಲ್ಯೂಮಿನಿಯಂ ಕಡ್ಡಿಗಳು. ಮೊದಲನೆಯದು ದಿನವೂ ದುಡಿಯುತ್ತಿದೆ. ಎರಡನೆಯದರ ಕೆಲಸ ಮುಗಿದಿದೆ. ಹೆಚ್ಚೆಂದರೆ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಗೆ ಆಸರೆ.

ಇತ್ತೀಚೆಗೆ ಈ ಎರಡರ ಜೊತೆಗೆ ಮೂರನೆಯದೊಂದು ಮನೆಯೊಳಕ್ಕೆ ಬರಲು ಹವಣಿಸುತ್ತಿದೆ. ರಟ್ಟಿನಷ್ಟು ತೆಳುವಾದ, ಗೋಡೆಗೆ ಅಂಟಿಸಬಹುದಾದ, ಕಪ್ಪು ಬಣ್ಣದ ಒಂದು ಹಾಳೆ. ಅಥವಾ ಟೀವಿಯ ಪಕ್ಕದಲ್ಲಿಡುವ ಎರಡು ಕೊಂಬಿನ ಒಂದು ಸಣ್ಣ ಪೀಠ. 'ಡಿಜಿಟಲ್ ಇನ್‌ಡೋರ್ ಆಂಟೆನಾ' ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಛತ್ರಿ ಬೇಡ, ಕೇಬಲ್ ಬೇಡ, ತಿಂಗಳ ಬಾಡಿಗೆ ಬೇಡ, ನೂರಾರು ಚಾನೆಲ್‌ಗಳು ಪುಕ್ಕಟೆ ಎಂಬ ಮಾತೂ ಇರುತ್ತದೆ. ಮೊಬೈಲಿನಲ್ಲಿ ಬೆರಳೊತ್ತಿದರೆ ಮನೆ ಬಾಗಿಲಿಗೇ ಬರುತ್ತದೆ. ಘಾಟಬೋರಾಳದ ತಾಯಿಯೊಬ್ಬರು ಇದನ್ನು ತರಿಸಬಹುದೇ ಎಂದು ನಮ್ಮನ್ನು ಕೇಳಿದರು. ಯಂತ್ರವಿದ್ಯೆ ನಮ್ಮ ಅಧ್ಯಯನದ ವಿಷಯವಲ್ಲವಾದರೂ, ಕೇಳಿದವರಿಗೆ ತಿಳಿದು ಹೇಳುವುದು ಓದಿದವರ ಹೊಣೆ. ಬಲ್ಲವರನ್ನು ವಿಚಾರಿಸಿ, ಸಿಕ್ಕ ಗ್ರಂಥಗಳನ್ನು ನೋಡಿ ತಿಳಿದುಕೊಂಡುದನ್ನು ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು: ಘಾಟಬೋರಾಳದಲ್ಲಿ ಅದನ್ನು ಕೊಳ್ಳಬೇಡಿರಿ. ಆ ವಸ್ತು ಎಲ್ಲೆಡೆಯೂ ನಿಷ್ಪ್ರಯೋಜಕವೆಂದು ನಾವು ಹೇಳುತ್ತಿಲ್ಲ. ತಕ್ಕ ಊರಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆಂಟೆನಾ ಎಂಬುದು ಬಾವಿಗೆ ಬಿಟ್ಟ ಕೊಡದಂತೆ. ಬಾವಿಯಲ್ಲಿ ನೀರಿದ್ದರೆ ಕೊಡ ತುಂಬೀತು. ನಮ್ಮ ಸೀಮೆಯ ಬಾವಿ ಬತ್ತಿದೆ, ಅಥವಾ ಹೆಚ್ಚು ಸರಿಯಾಗಿ ಹೇಳುವುದಾದರೆ, ಹಳೆಯ ಬಾವಿಯನ್ನು ಮುಚ್ಚಿದವರು ಹೊಸದನ್ನು ತೋಡಲಿಲ್ಲ. ಇದು ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಕಲಬುರ್ಗಿ ಭಾಗಕ್ಕೆ ದೂರದರ್ಶನದ ಚರಿತ್ರೆಯಲ್ಲಿ ಒಂದು ಅಗ್ರಸ್ಥಾನವಿದ್ದಿತು. ಅದು ನಮ್ಮ ಯುವಕರಿಗೆ ತಿಳಿದಂತೆ ಕಾಣುವುದಿಲ್ಲ.

ರಾಜಧಾನಿ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು ೧೯೮೧ರ ನವೆಂಬರ್ ೧ರಂದು. ಅದಕ್ಕೆ ಆರು ವರ್ಷ ಮೊದಲೇ ಕಲ್ಯಾಣ ಕರ್ನಾಟಕದ ಹಳ್ಳಿಗಳು ಟೀವಿ ಕಂಡಿದ್ದವು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದ ನಾಸಾ ಸಂಸ್ಥೆಯಿಂದ ಎರವಲು ಪಡೆದ ಎಟಿಎಸ್–೬ ಎಂಬ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. 'ಸೈಟ್' ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧವಾದ ಈ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದವು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಊರಿಗೊಂದು ಟೀವಿ, ಅದಕ್ಕೆ ಕೋಳಿಗೂಡಿಗೆ ಹೊದಿಸುವಂತಹ ತಂತಿಯ ಜಾಳಿಗೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿ. ಬೆಳಿಗ್ಗೆ ಶಾಲಾ ಮಕ್ಕಳಿಗಾಗಿ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗಾಗಿ ಎರಡೂವರೆ ಗಂಟೆ. ಬೇಸಾಯ, ಆರೋಗ್ಯ, ಕುಟುಂಬ ಕಲ್ಯಾಣ ಮುಖ್ಯ ವಿಷಯಗಳು. ಇಡೀ ಊರು ಬಯಲಿನಲ್ಲಿ ಕುಳಿತು ಒಂದೇ ಪರದೆಯನ್ನು ನೋಡಿದ ಕಾಲವದು. ಬೀದರ ಜಿಲ್ಲೆ ನೆರೆಯಲ್ಲಿದ್ದುಕೊಂಡು ಸುದ್ದಿ ಕೇಳಿ ಬೆರಗಾಯಿತು.

ವರ್ಷ ತುಂಬುತ್ತಲೇ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಕರೆದುಕೊಂಡರು. ನೋಡುವ ರೂಢಿ ಹಿಡಿದ ಹಳ್ಳಿಗಳನ್ನು ಹಾಗೆಯೇ ಕೈಬಿಡಬಾರದೆಂದು ೧೯೭೭ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವನ್ನು ಸ್ಥಾಪಿಸಲಾಯಿತು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ಇದೇ. ಮುಂದೆ ಎಂಬತ್ತರ ದಶಕದ ನಡುವಿನಿಂದ ದೇಶದುದ್ದಕ್ಕೂ ಸಣ್ಣ ಊರುಗಳಲ್ಲಿ ಕಡಿಮೆ ಶಕ್ತಿಯ ಪ್ರೇಷಕಗಳು ತ್ವರಿತಗತಿಯಲ್ಲಿ ಎದ್ದು ನಿಂತವು. ಘಾಟಬೋರಾಳದಂತಹ ಊರಿನವರು ತಮ್ಮ ಆಂಟೆನಾವನ್ನು ದಕ್ಷಿಣಕ್ಕೆ ಕಲಬುರ್ಗಿಯ ಕಡೆಗೋ, ಹತ್ತಿರದಲ್ಲಿ ಸಣ್ಣ ಪ್ರೇಷಕವಿದ್ದರೆ ಅದರ ಕಡೆಗೋ ತಿರುಗಿಸಬೇಕಾಗಿತ್ತು. ಆ ತಿರುಗಿಸುವ ಸಂಭ್ರಮ ನಲವತ್ತು ದಾಟಿದ ಯಾರಿಗೆ ನೆನಪಿಲ್ಲ? ಮಾಳಿಗೆಯ ಮೇಲೊಬ್ಬ ಕೊಳವೆ ಹಿಡಿದಿರುವನು, ಅಂಗಳದಲ್ಲೊಬ್ಬ, ಪಡಸಾಲೆಯಲ್ಲೊಬ್ಬ. "ಬಂತೇನೋ?" "ಬಂತು... ಹೋತು... ಇನ್ನಾ ಸ್ವಲ್ಪ ತಿರುವು... ನಿಂದ್ರು, ನಿಂದ್ರು!" ೧೯೮೭ರ ಜನವರಿಯಿಂದ ಮರುವರ್ಷದ ಜುಲೈವರೆಗೆ ರವಿವಾರ ಬೆಳಿಗ್ಗೆ 'ರಾಮಾಯಣ' ಬರುವ ಹೊತ್ತಿಗೆ ಈ ಕೂಗು ಪ್ರತಿ ಓಣಿಯಲ್ಲಿಯೂ ಕೇಳಿಬರುತ್ತಿತ್ತು. ಟೀವಿಯಿದ್ದ ಮನೆ ಆ ಒಂದು ಗಂಟೆ ಓಣಿಯ ಆಸ್ತಿಯಾಗಿರುತ್ತಿತ್ತು. ಇದೆಲ್ಲ ಸುಖದ ಕಾಲವೆಂದು ನಾವು ಹೊಗಳಹೊರಟಿಲ್ಲ. ವಿದ್ಯುತ್ತು ಹೋಗದೆ ಪೂರ್ತಿ ಕಂತು ನೋಡಿದ ದಿನಗಳು ಕಡಿಮೆ.

ಆ ವ್ಯವಸ್ಥೆಯ ಅಂತ್ಯ ಸದ್ದಿಲ್ಲದೆ ಆಯಿತು. ಛತ್ರಿಗಳೂ ಕೇಬಲ್ಲೂ ಬಂದ ಮೇಲೆ ಕಡ್ಡಿ ಆಂಟೆನಾದಲ್ಲಿ ನೋಡುವವರು ಕಡಿಮೆಯಾದರು. ಪ್ರಸಾರ ಭಾರತಿ ಹಳೆಯ ಅನಲಾಗ್ ಪ್ರೇಷಕಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದಿತು. ೨೦೨೧ರ ಅಕ್ಟೋಬರಿನಲ್ಲಿ ಕಲಬುರ್ಗಿಯ ಸರದಿ ಬಂದಾಗ, ಕೇಂದ್ರವೇ ಮುಚ್ಚಿಹೋಗುತ್ತದೆಂಬ ಸುದ್ದಿ ಹಬ್ಬಿ ನಮ್ಮ ಭಾಗದಲ್ಲಿ ಆತಂಕವುಂಟಾಯಿತು. ಆಗ ಪ್ರಸಾರ ಭಾರತಿ ನೀಡಿದ ಸ್ಪಷ್ಟೀಕರಣದ ಸಾರವಿಷ್ಟು: ಅನಲಾಗ್ ಪ್ರಸಾರ ಹಳತಾದ ತಂತ್ರಜ್ಞಾನ, ಅದರಿಂದ ವಿದ್ಯುತ್ತು ವ್ಯರ್ಥ, ಅದು ಬಳಸುವ ತರಂಗಪಟ್ಟಿ ೫–ಜಿಯಂತಹ ಹೊಸ ಕೆಲಸಗಳಿಗೆ ಬೇಕಾಗಿದೆ, ಆಯಕಟ್ಟಿನ ಸ್ಥಳಗಳ ಸುಮಾರು ೫೦ ಪ್ರೇಷಕಗಳನ್ನುಳಿದು ಮಿಕ್ಕವನ್ನೆಲ್ಲ ೨೦೨೨ರ ಮಾರ್ಚ್ ೩೧ರೊಳಗೆ ನಿಲ್ಲಿಸಲಾಗುವುದು, ಕಲಬುರ್ಗಿ ಕೇಂದ್ರ ಮಾತ್ರ ಉಳಿಯುತ್ತದೆ, ಅಲ್ಲಿ ತಯಾರಾದ ಕಾರ್ಯಕ್ರಮಗಳು ಚಂದನ ವಾಹಿನಿಯ ಮೂಲಕ ಛತ್ರಿಗೆ ಬರುತ್ತವೆ. ಮಾತು ಸುಳ್ಳಲ್ಲ. ಹಳೆಯ ಪ್ರೇಷಕಕ್ಕಾಗಿ ಕಣ್ಣೀರು ಹಾಕಬೇಕೆಂದು ನಮಗೂ ಅನ್ನಿಸುವುದಿಲ್ಲ. ನಮ್ಮ ತಕರಾರು ಬೇರೆ. ಹಳೆಯ ಪ್ರಸಾರ ನಿಂತ ಜಾಗದಲ್ಲಿ ಡಿಜಿಟಲ್ ಪ್ರಸಾರ ಬರಬೇಕಿತ್ತು, ಅದು ಬರಲಿಲ್ಲ.

ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ತಿಳಿಯಲು ಆಂಟೆನಾದ ಗುಟ್ಟನ್ನು ಸ್ವಲ್ಪ ಅರಿಯಬೇಕು. ಆಕಾಶದಲ್ಲಿ ಹರಿಯುವ ಪ್ರತಿ ತರಂಗಕ್ಕೂ ಒಂದು ಅಳತೆಯುಂಟು. ಹಳೆಯ ಟೀವಿ ಪ್ರಸಾರ ಬಹುಮಟ್ಟಿಗೆ ವಿಎಚ್‌ಎಫ್ ಎಂಬ ಪಟ್ಟಿಯಲ್ಲಿ ನಡೆಯುತ್ತಿತ್ತು. ಅಲ್ಲಿ ತರಂಗದ ಉದ್ದ ಕೆಲವೆಡೆ ಒಂದೂವರೆ ಮೀಟರ್, ಕೆಲವೆಡೆ ಐದಾರು ಮೀಟರ್. ಕಡ್ಡಿ ಆ ಉದ್ದದ ಅರ್ಧದಷ್ಟಿರಬೇಕು. ಆದುದರಿಂದಲೇ ಮಾಳಿಗೆಯ ಮೇಲೆ ಅಷ್ಟು ದೊಡ್ಡ ಹಣಿಗೆ. ಡಿಜಿಟಲ್ ಪ್ರಸಾರ ನಡೆಯುವುದು ಹೆಚ್ಚಾಗಿ ಯುಎಚ್‌ಎಫ್ ಪಟ್ಟಿಯಲ್ಲಿ. ೫೦೦ ಮೆಗಾಹರ್ಟ್ಸ್‌ನ ತರಂಗದ ಉದ್ದ ೬೦ ಸೆಂಟಿಮೀಟರ್, ಅದಕ್ಕೆ ಬೇಕಾದ ಕಡ್ಡಿ ೩೦ ಸೆಂಟಿಮೀಟರ್, ಎಂದರೆ ಒಂದಡಿ. ಅಷ್ಟು ಸಣ್ಣದಾದುದರಿಂದ ಅದನ್ನು ಮನೆಯೊಳಗೆ ಇಟ್ಟುಕೊಳ್ಳಬಹುದು, ಗೋಡೆಯ ಹಾಳೆಯಲ್ಲಿ ಅಡಗಿಸಬಹುದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆಂಟೆನಾದಲ್ಲಿ ಡಿಜಿಟಲ್ ಎಂಬ ಗುಣವೇ ಇಲ್ಲ. ಅದು ಬರಿಯ ಲೋಹ. ಹಳೆಯ ಪ್ರಸಾರವನ್ನೂ ಹೊಸ ಪ್ರಸಾರವನ್ನೂ ಅದು ಒಂದೇ ರೀತಿ ಹಿಡಿಯುತ್ತದೆ. 'ಎಚ್‌ಡಿ ಆಂಟೆನಾ', '೪ಕೆ ಆಂಟೆನಾ' ಎಂಬ ಹೆಸರುಗಳು ಪೆಟ್ಟಿಗೆ ಅಚ್ಚು ಮಾಡಿದವರ ಜಾಣ್ಮೆ. ಡಿಜಿಟಲ್ ಆಗಿರಬೇಕಾದುವು ಎರಡು: ಕಳುಹಿಸುವ ಗೋಪುರ ಮತ್ತು ಟೀವಿಯೊಳಗಿರುವ, ಬಂದ ತರಂಗವನ್ನು ಬಿಡಿಸಿ ಓದುವ ಟ್ಯೂನರ್.

ಹಳೆಯ ಮತ್ತು ಹೊಸ ಪ್ರಸಾರಗಳಿಗಿರುವ ಅಂತರವನ್ನು ನಮಗೆ ಪರಿಚಿತವಾದ ಉದಾಹರಣೆಯಿಂದ ಹೇಳುತ್ತೇವೆ. ತಾಳೆಗರಿಯ ಪ್ರತಿಯೊಂದರಲ್ಲಿ ಮಸಿ ಮಾಸಿದೆಯೆನ್ನಿ. ಅಕ್ಷರ ಮಸುಕಾಗಿದ್ದರೂ ಕಣ್ಣು ಕಿರಿದುಮಾಡಿ ಹೇಗೋ ಓದಿಕೊಳ್ಳುತ್ತೇವೆ. ಹಳೆಯ ಟೀವಿಯಲ್ಲಿ ಚುಕ್ಕಿಗಳ ಮಳೆಯ ನಡುವೆ ವಾರ್ತೆ ಓದುವವರ ಮುಖವನ್ನು ಗುರುತಿಸುತ್ತಿದ್ದುದು ಹಾಗೆ. ಡಿಜಿಟಲ್ ಪ್ರಸಾರ ಷಟ್ಪದಿಯ ಗರಿಯಂತೆ. ಒಂದೆರಡು ಅಕ್ಷರ ಹುಳು ತಿಂದಿದ್ದರೆ, ಪ್ರಾಸವನ್ನೂ ಮಾತ್ರೆಯ ಎಣಿಕೆಯನ್ನೂ ಹಿಡಿದು, ಅಲ್ಲಿ ಇದ್ದುದೇನೆಂದು ಬಲ್ಲವರು ತುಂಬಿಬಿಡುತ್ತಾರೆ. ಓದುವವನಿಗೆ ಕೊರತೆ ತಿಳಿಯುವುದೇ ಇಲ್ಲ. ಅದೇ ರೀತಿ ಡಿಜಿಟಲ್ ಪ್ರಸಾರದಲ್ಲಿ ಚಿತ್ರದ ಅಂಕಿಗಳ ಜೊತೆಗೆ ತಾಳೆ ನೋಡುವ ಹೆಚ್ಚುವರಿ ಅಂಕಿಗಳನ್ನೂ ಕಳುಹಿಸಿರುತ್ತಾರೆ. ದಾರಿಯಲ್ಲಿ ಕೆಲವು ನಷ್ಟವಾದರೆ ಟ್ಯೂನರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ, ಚಿತ್ರ ಕನ್ನಡಿಯಂತೆ ನಿಚ್ಚಳವಾಗಿರುತ್ತದೆ. ಆದರೆ ಹುಳು ತಿಂದದ್ದು ಒಂದು ಮಿತಿ ಮೀರಿದರೆ ಛಂದಸ್ಸೂ ಕೈಕೊಡುತ್ತದಲ್ಲವೆ? ಆಗ ಚಿತ್ರ ಚೌಕಚೌಕವಾಗಿ ಒಡೆದು, ನಿಂತು, ಇಲ್ಲವಾಗುತ್ತದೆ. ಮಸುಕಾಗಿಯಾದರೂ ಕಂಡೀತೆಂಬ ಆಸೆ ಇಲ್ಲಿ ಸಲ್ಲದು. ಹೊರವಲಯದ ಹಳ್ಳಿಗಳಿಗೆ ಇದರ ಪರಿಣಾಮ ದೊಡ್ಡದು: ಹಳೆಯ ಪ್ರಸಾರ ಅಂಚಿನ ಊರಿಗೂ ಹರಕುಮುರುಕಾಗಿ ತಲುಪುತ್ತಿತ್ತು, ಹೊಸದು ಅಂಚಿನಲ್ಲಿ ಥಟ್ಟನೆ ನಿಲ್ಲುತ್ತದೆ.

ಅಂಚು ಎಲ್ಲಿಯದೆಂಬುದಕ್ಕೂ ಲೆಕ್ಕವುಂಟು. ತರಂಗ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ, ಭೂಮಿ ಬಾಗಿದೆ. ಗೋಪುರ ೧೫೦ ಮೀಟರ್ ಎತ್ತರವಿದ್ದು, ಮಾಳಿಗೆಯ ಮೇಲಿನ ಆಂಟೆನಾ ನೆಲದಿಂದ ೧೦ ಮೀಟರ್ ಮೇಲಿದ್ದರೆ, ಸಮತಟ್ಟಾದ ನೆಲದಲ್ಲಿ ೬೩ ಕಿಲೋಮೀಟರಿನವರೆಗೆ ಒಂದಕ್ಕೊಂದು 'ಕಾಣು'ತ್ತವೆ. ಘಾಟಬೋರಾಳದಿಂದ ಕಲಬುರ್ಗಿ ನೇರ ದಾರಿಯಲ್ಲಿ ೫೦ ಕಿಲೋಮೀಟರಿಗೂ ಮೇಲೆ. ನಡುವಿನ ನೆಲ ಏರಿಳಿತದ್ದು. ಇನ್ನು ಅದೇ ಆಂಟೆನಾವನ್ನು ಕೆಳಗಿಳಿಸಿ ಪಡಸಾಲೆಯಲ್ಲಿಟ್ಟರೆ? ಎತ್ತರ ಹೋಯಿತು. ಒಂದು ಇಟ್ಟಿಗೆ ಗೋಡೆಯನ್ನು ದಾಟುವಾಗಲೇ ತರಂಗದ ಬಲ ಅರ್ಧಕ್ಕಿಂತ ಕೆಳಗಿಳಿಯಬಹುದು. ನಮ್ಮ ಕಡೆಯ ಹಳೆಯ ಮನೆಗಳ ಕಲ್ಲು–ಮಣ್ಣಿನ ಗೋಡೆಗಳಾದರೋ ಮೊಳಕ್ಕಿಂತ ದಪ್ಪ. ತಗಡಿನ ಮಾಡಿದ್ದರಂತೂ ಅದು ತರಂಗಕ್ಕೆ ಮುಚ್ಚಿದ ಬಾಗಿಲು. ಮಾಳಿಗೆಯ ಮೇಲೆ ಸಿಗುವ ಬಲದ ಹತ್ತರಲ್ಲೊಂದು, ಕೆಲವು ಮನೆಗಳಲ್ಲಿ ನೂರರಲ್ಲೊಂದು ಪಾಲು ಮಾತ್ರ ಒಳಗೆ ಉಳಿಯುತ್ತದೆ. ಎಂದಮೇಲೆ ಕಲಬುರ್ಗಿಯಲ್ಲಿ ಡಿಜಿಟಲ್ ಪ್ರೇಷಕ ಇದ್ದಿದ್ದರೂ ಘಾಟಬೋರಾಳದ ಒಳಮನೆಯಲ್ಲಿ ಅದು ಹಿಡಿಯುವ ಸಂಭವ ಕಡಿಮೆ. ಮಾಳಿಗೆಯ ಮೇಲಿನ ಕಂಬಕ್ಕೆ ಹಿಡಿಯುತ್ತಿತ್ತೇನೋ.

ಡಿಜಿಟಲ್ ಗೋಪುರಗಳು ಭಾರತಕ್ಕೆ ಬರಲೇ ಇಲ್ಲವೆಂದಲ್ಲ. ೨೦೧೬ರ ಫೆಬ್ರವರಿಯಲ್ಲಿ ದೂರದರ್ಶನವು ದೇಶದ ೧೬ ನಗರಗಳಲ್ಲಿ ಡಿವಿಬಿ–ಟಿ೨ ಎಂಬ ಪದ್ಧತಿಯ ಪ್ರಸಾರವನ್ನು ಆರಂಭಿಸಿತು. ದೆಹಲಿ, ಮುಂಬಯಿ, ಚೆನ್ನೈ, ಔರಂಗಾಬಾದ್ ಮುಂತಾದುವು ಆ ಪಟ್ಟಿಯಲ್ಲಿದ್ದುವು; ಕರ್ನಾಟಕದಿಂದ ಇದ್ದುದು ಬೆಂಗಳೂರು ಒಂದೇ. ಒಂದೇ ಪ್ರೇಷಕದಿಂದ ಡಿಡಿ ನ್ಯಾಷನಲ್, ಡಿಡಿ ನ್ಯೂಸ್, ಡಿಡಿ ಭಾರತಿ ಮೊದಲಾದ ಹಲವು ವಾಹಿನಿಗಳು. ಸಣ್ಣ ಡಾಂಗಲ್ ಸಿಕ್ಕಿಸಿದರೆ ಮೊಬೈಲಿನಲ್ಲಿಯೂ ನೋಡಬಹುದೆಂಬ ಪ್ರಚಾರ. ಕರ್ನಾಟಕಕ್ಕೆ ಮೊತ್ತಮೊದಲು ದೂರದರ್ಶನ ತೋರಿಸಿದ ಕಲಬುರ್ಗಿಗೆ ಅಲ್ಲಿ ಸ್ಥಾನವಿರಲಿಲ್ಲ. ಘಾಟಬೋರಾಳಕ್ಕೆ ಬೆಂಗಳೂರು ಆರುನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಯಾವ ಆಂಟೆನಾವೂ, ಎಷ್ಟೇ ಬೆಲೆಯ ಬೂಸ್ಟರೂ ಆ ದೂರವನ್ನು ದಾಟಿಸಲಾರದು. ಬೂಸ್ಟರಿನ ಬಗೆಗೂ ಒಂದು ಮಾತು: ಅದು ಇದ್ದುದನ್ನು ದೊಡ್ಡದು ಮಾಡುತ್ತದೆ, ಗದ್ದಲವನ್ನೂ ಸೇರಿಸಿ. ಸೊನ್ನೆಯನ್ನು ಹತ್ತರಿಂದ ಗುಣಿಸಿದರೂ ನೂರರಿಂದ ಗುಣಿಸಿದರೂ ಬರುವುದು ಸೊನ್ನೆಯೇ.

ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ದೊಡ್ಡ ನಗರಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿದ್ದಾರೆ. ಗೋಪುರವಿರುವ ಊರಿನಲ್ಲಿ ಮನೆಯೊಳಗಿನ ಆಂಟೆನಾವನ್ನು ಬಳಸುವವರಿಗಾಗಿ ಕೆಲವು ಮಾತುಗಳನ್ನು ಹೇಳುವುದು ಅನುಚಿತವಾಗಲಾರದು. ಹಣ ಕೊಡುವ ಮೊದಲು ಟೀವಿಯಲ್ಲಿ ಆ ಪದ್ಧತಿಯ ಟ್ಯೂನರ್ ಇದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಬೇಕು. ಭಾರತದಲ್ಲಾದರೆ ಡಿವಿಬಿ–ಟಿ೨ ಎಂದಿರಬೇಕು. ಕೇಬಲ್ಲಿನ ಡಬ್ಬಿ, ಛತ್ರಿಯ ಡಬ್ಬಿ ಇದಕ್ಕೆ ಬಾರವು. ಬಳಿಕ ಒಂದು ಸುಲಭ ಪರೀಕ್ಷೆ: ೧೫ ಸೆಂಟಿಮೀಟರ್ ಉದ್ದದ ತಾಮ್ರದ ತಂತಿಯನ್ನು ಟೀವಿಯ ಆಂಟೆನಾ ತೂತಿನ ನಡುವೆ ಸಿಕ್ಕಿಸಿ, ಟೀವಿಯನ್ನು ಕಿಟಕಿಯ ಬಳಿಗೆ ತಂದು, ತಾನಾಗಿ ಚಾನೆಲ್ ಹುಡುಕುವ ಆಜ್ಞೆ ಕೊಟ್ಟು ನೋಡುವುದು. ಗೋಪುರ ಹತ್ತಿರವಿದ್ದರೆ ಈ ತುಂಡು ತಂತಿಯೇ ಒಂದೆರಡು ವಾಹಿನಿಗಳನ್ನು ತಂದುಕೊಟ್ಟೀತು. ಆಗ ಆಂಟೆನಾ ಕೊಳ್ಳುವುದರಲ್ಲಿ ಅರ್ಥವುಂಟು. ಏನೂ ಬಾರದಿದ್ದರೆ ಇನ್ನೂ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ಕೊಂಡ ಮೇಲೆ ಮುಖ್ಯವಾದುದು ಸ್ಥಳ. ಗೋಪುರದ ದಿಕ್ಕಿಗಿರುವ ಕಿಟಕಿ, ಆದಷ್ಟು ಎತ್ತರ. ಟೀವಿಯ ಬೆನ್ನಿಗೆ, ಕಬ್ಬಿಣದ ಕಪಾಟಿನ ಪಕ್ಕಕ್ಕೆ, ಫ್ರಿಜ್ಜಿನ ಮೇಲೆ ಇಟ್ಟವರು ಕೆಟ್ಟರು. ಒಂದೆರಡು ಅಡಿ ಅತ್ತಿತ್ತ ಸರಿಸಿದರೂ ಫಲ ಬೇರೆಯಾಗುತ್ತದೆ. ಗೋಡೆಗಳಿಗೆ ಬಡಿದು ಬಂದ ತರಂಗಗಳು ಕೆಲವೆಡೆ ಒಂದನ್ನೊಂದು ಅಳಿಸಿಹಾಕುವುದೇ ಇದಕ್ಕೆ ಕಾರಣ. ಕೊಂಬಿನ ಆಂಟೆನಾದಲ್ಲಿ ಉದ್ದನೆಯ ಕೊಂಬುಗಳು ವಿಎಚ್‌ಎಫ್‌ಗೆ, ನಡುವಿನ ಬಳೆ ಯುಎಚ್‌ಎಫ್‌ಗೆ. ಹಳೆಯ ಕಾಲದ ಚಪ್ಪಟೆ ತಂತಿ ೩೦೦ ಓಮ್‌ನದು, ಈಗಿನ ದುಂ‌ಡು ಕೇಬಲ್ ೭೫ ಓಮ್‌ನದು. ಮನೆಯಲ್ಲಿ ಬಿದ್ದಿದೆಯೆಂದು ಎರಡನ್ನೂ ನೇರವಾಗಿ ಗಂಟು ಹಾಕಿದರೆ ಬಂದ ಬಲವೂ ಸೋರಿಹೋಗುತ್ತದೆ. ಪ್ರತಿ ಬಾರಿ ಜಾಗ ಬದಲಿಸಿದಾಗಲೂ ಚಾನೆಲ್ ಹುಡುಕುವ ಕೆಲಸವನ್ನು ಹೊಸದಾಗಿ ಮಾಡಿಸಬೇಕು.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಇಂತಹ ಆಂಟೆನಾವನ್ನು ಕಿಟಕಿಗೆ ಅಂಟಿಸಿ, ಆ ಊರಿನ ವಾರ್ತೆ, ಹವಾಮಾನ, ಆಟೋಟಗಳನ್ನು ಒಂದು ಡಾಲರೂ ತೆರದೆ ನೋಡಲು ಸಾಧ್ಯವಿದೆ. ಅಲ್ಲಿ ಬದಲಾವಣೆ ನಡೆದ ರೀತಿಯನ್ನು ಗಮನಿಸಬೇಕು. ಅನಲಾಗ್ ಪ್ರಸಾರವನ್ನು ೨೦೦೯ರ ಫೆಬ್ರವರಿ ೧೭ರಂದು ನಿಲ್ಲಿಸುವುದೆಂದು ಗೊತ್ತಾಗಿತ್ತು. ಮನೆಗಳು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿದು ಜೂನ್ ೧೨ಕ್ಕೆ ಮುಂದೂಡಿದರು. ಹಳೆಯದನ್ನು ನಿಲ್ಲಿಸುವ ಮೊದಲೇ ಅದೇ ಊರುಗಳಲ್ಲಿ ಡಿಜಿಟಲ್ ಗೋಪುರಗಳು ಕೆಲಸ ಮಾಡುತ್ತಿದ್ದುವು. ಹಳೆಯ ಟೀವಿ ಇಟ್ಟುಕೊಂಡವರಿಗೆ ಪರಿವರ್ತಕ ಡಬ್ಬಿ ಕೊಳ್ಳಲೆಂದು ಸರ್ಕಾರವೇ ಮನೆಯೊಂದಕ್ಕೆ ತಲಾ ೪೦ ಡಾಲರಿನ ಎರಡು ಚೀಟಿಗಳವರೆಗೆ ಹಂಚಿತು. ಬ್ರಿಟನ್ನಿನಲ್ಲಿ ಒಂದೊಂದೇ ಪ್ರಾಂತವಾಗಿ ಬದಲಾಯಿಸಿ ೨೦೧೨ರ ಅಕ್ಟೋಬರಿನಲ್ಲಿ ಮುಗಿಸಿದರು. ಅವರದು ಸಿರಿವಂತ ದೇಶವೆಂದು ತಳ್ಳಿಹಾಕಬಹುದು. ಆದರೂ ಹೊಸದನ್ನು ಕೊಟ್ಟು ಹಳೆಯದನ್ನು ಕಿತ್ತುಕೊಳ್ಳುವ ಕ್ರಮಕ್ಕೆ ಸಿರಿಯಷ್ಟೇ ಸಾಲದು, ಹಳ್ಳಿಯ ಮನೆಯನ್ನು ಲೆಕ್ಕಕ್ಕೆ ಹಿಡಿಯುವ ಮನಸ್ಸೂ ಬೇಕು. ಹಾಂ, ಮಗ ಅಮೆರಿಕದಿಂದ ಬರುವಾಗ ಅಲ್ಲಿಯ ಟೀವಿಯನ್ನೋ ಡಾಂಗಲನ್ನೋ ತಂದರೆ ಅದು ಇಲ್ಲಿಯ ಡಿಜಿಟಲ್ ಗೋಪುರದ ಕೆಳಗೂ ನಡೆಯದು. ಅಲ್ಲಿಯದು ಎಟಿಎಸ್‌ಸಿ ಎಂಬ ಬೇರೆಯೇ ಪದ್ಧತಿ. ಪೇಟೆಯಲ್ಲಿ ಸಿಗುವ ಪೆಟ್ಟಿಗೆಗಳ ಮೇಲಿನ 'ನೂರಾರು ಚಾನೆಲ್' ಎಂಬ ಮಾತು ಹುಟ್ಟಿದ್ದು ಅಂತಹ ದೇಶಗಳ ಲೆಕ್ಕದಿಂದ. ಅದನ್ನು ಘಾಟಬೋರಾಳಕ್ಕೆ ಮಾರುವುದು ಸಮುದ್ರದ ಬಲೆಯನ್ನು ಬಯಲುಸೀಮೆಗೆ ಮಾರಿದಂತೆ.

ಹಾಗಾದರೆ ತಿಂಗಳ ಬಾಡಿಗೆ ತೆರಲಾರದ ಮನೆಗೆ ಗತಿಯೇನು? ಸದ್ಯಕ್ಕೆ ಉತ್ತರ, ಡಿಡಿ ಫ್ರೀ ಡಿಶ್. ೨೦೦೪ರ ಡಿಸೆಂಬರಿನಲ್ಲಿ 'ಡಿಡಿ ಡೈರೆಕ್ಟ್ ಪ್ಲಸ್' ಎಂಬ ಹೆಸರಿನಲ್ಲಿ ಮೂವತ್ತಮೂರು ವಾಹಿನಿಗಳೊಂದಿಗೆ ಆರಂಭವಾದ ಈ ಸೇವೆಯನ್ನು ಈಗ ನಾಲ್ಕು ಕೋಟಿಗೂ ಹೆಚ್ಚು ಮನೆಗಳು ಬಳಸುತ್ತಿವೆಯೆಂದು ಅಂದಾಜು. ಛತ್ರಿಗೂ ಡಬ್ಬಿಗೂ ಒಮ್ಮೆ ಹಣ ಕೊಟ್ಟರಾಯಿತು, ಮುಂದೆ ಬಾಡಿಗೆಯಿಲ್ಲ. ಚಂದನ ಬರುತ್ತದೆ, ಅದರೊಂದಿಗೆ ಕಲಬುರ್ಗಿಯಲ್ಲಿ ತಯಾರಾದ ಕಾರ್ಯಕ್ರಮವೂ ಬರುತ್ತದೆ. ಒಟ್ಟು ವಾಹಿನಿಗಳಲ್ಲಿ ಹಿಂದಿಯ ಪಾಲೇ ದೊಡ್ಡದು, ಕನ್ನಡದ್ದು ಬಹಳ ಸಣ್ಣದು. ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲವೂ ಒಂದೇ ಸಂತೆಯಲ್ಲಿ ಕೇಳಿಬರುವ ನಮ್ಮ ಗಡಿಸೀಮೆಯಲ್ಲಿ ಮನೆಯ ಮಕ್ಕಳ ಕಿವಿಗೆ ದಿನವೂ ಬೀಳುವ ಭಾಷೆ ಯಾವುದೆಂಬುದು ಸಣ್ಣ ಮಾತಲ್ಲವೆಂದು ನಮ್ಮ ಅಭಿಪ್ರಾಯ.

ಛತ್ರಿಯನ್ನು ತಾವೇ ಕೂಡಿಸುವವರಿಗೆ ಉಪಯೋಗವಾಗಲೆಂದು ದಿಕ್ಕಿನ ಲೆಕ್ಕವನ್ನು ಹೇಳುತ್ತೇವೆ. ಫ್ರೀ ಡಿಶ್ ಬರುವ ಜಿಸ್ಯಾಟ್–೧೫ ಉಪಗ್ರಹ ಪೂರ್ವ ರೇಖಾಂಶ ೯೩.೫ ಡಿಗ್ರಿಯಲ್ಲಿ, ಭೂಮಧ್ಯರೇಖೆಯ ಮೇಲಿನ ಆಕಾಶದಲ್ಲಿದೆ. ಘಾಟಬೋರಾಳದಿಂದ ನೋಡಿದರೆ ಅದು ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯಕ್ಕೆ, ದಿಗಂತದಿಂದ ಸುಮಾರು ೬೨ ಡಿಗ್ರಿ ಮೇಲೆ ಬರುತ್ತದೆ. ಮನೆಯಲ್ಲಿ ಒಲೆ ಹೂಡುವ ಮೂಲೆಯ ದಿಕ್ಕೇ ಛತ್ರಿಯ ದಿಕ್ಕೆಂದು ನೆನಪಿಟ್ಟರೆ ಸಾಕು. ಛತ್ರಿಯ ಮುಖ ಅಷ್ಟು ಮೇಲಕ್ಕೆ ನೋಡುವಂತೆ ಕಾಣುವುದಿಲ್ಲ. ಅದರ ಕೋಲು ಕೆಳಗಿನಿಂದ ಚಾಚಿಕೊಂಡಿರುವುದರಿಂದ ಹಾಗೆ ತೋರುತ್ತದೆ. ಆಗ್ನೇಯಕ್ಕೆ ಬೇವಿನ ಮರವೋ ನೆರೆಮನೆಯ ಮೇಲಂತಸ್ತೋ ಅಡ್ಡವಿಲ್ಲದಂತೆ ನೋಡಿಕೊಳ್ಳಬೇಕು.

ಛತ್ರಿಗೊಂದು ದೋಷವುಂಟು, ಅದನ್ನು ಮಾರುವವರು ಹೇಳುವುದಿಲ್ಲ. ಉಪಗ್ರಹದ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ಅಷ್ಟು ಸಣ್ಣ ತರಂಗವನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ. ಆಷಾಢ ಶ್ರಾವಣಗಳಲ್ಲಿ ಮುಗಿಲು ಕಪ್ಪಾಗಿ ಜಡಿಮಳೆ ಹಿಡಿದ ಕೂಡಲೇ 'ಸಿಗ್ನಲ್ ಇಲ್ಲ' ಎಂಬ ಬರಹ ಪರದೆಯ ಮೇಲೆ ಬರುವುದು ಆ ಕಾರಣದಿಂದ. ಗೋಪುರದಿಂದ ಬರುವ ಅರವತ್ತು ಸೆಂಟಿಮೀಟರಿನ ತರಂಗಕ್ಕೆ ಮಳೆಯ ಗೊಡವೆಯಿಲ್ಲ. ಹಳ್ಳ ಏರಿದೆಯೆ, ರಸ್ತೆ ಕಡಿದಿದೆಯೆ, ನಾಳೆ ಶಾಲೆಯುಂಟೆ, ಕಟಾವಿಗೆ ಬಂದ ಹೆಸರು ಉದ್ದಿಗೆ ಇನ್ನೆಷ್ಟು ಮಳೆ ಕಾದಿದೆ ಎಂದು ರೈತನ ಮನೆ ತಿಳಿಯಬಯಸುವ ಹೊತ್ತು ಅದೇ. ಆ ಹೊತ್ತಿನಲ್ಲಿಯೇ ಛತ್ರಿ ಮೌನವಾಗುತ್ತದೆ, ಮೊಬೈಲಿನ ಜಾಲವೂ ಅನೇಕ ಸಲ ಜೊತೆಗೂಡುತ್ತದೆ. ಹಳೆಯ ಗೋಪುರ ಹೋದುದರಿಂದ ಆದ ನಷ್ಟವನ್ನು ನಾವು ಅಳೆಯುವುದು ಈ ಮಳೆಗಾಲದ ಸಂಜೆಗಳ ಲೆಕ್ಕದಲ್ಲಿ. ಬ್ಯಾಟರಿಯ ಸಣ್ಣ ರೇಡಿಯೋ ಒಂದನ್ನು ಕೆಡದಂತೆ ಇಟ್ಟುಕೊಂಡಿರುವ ಮನೆಗಳು ಬುದ್ಧಿವಂತರ ಮನೆಗಳು.

ಇನ್ನು ಮುಂದಿನ ಮಾತು. ಗೋಪುರದಿಂದ ನೇರವಾಗಿ ಮೊಬೈಲ್ ಫೋನಿಗೇ ಟೀವಿ ಕಳುಹಿಸುವ ಹೊಸ ಪದ್ಧತಿಯೊಂದನ್ನು ಕಾನಪುರದ ಐಐಟಿ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ಬೆಳೆಸುತ್ತಿವೆ. ಡಿ೨ಎಂ ಎಂದು ಅದರ ಹೆಸರು. ಇಂಟರ್ನೆಟ್ ಬೇಡ, ಡೇಟಾ ಖರ್ಚು ಬೇಡ. ಫೋನಿನಲ್ಲಿ ಅದಕ್ಕೆ ತಕ್ಕ ಚಿಪ್ ಮಾತ್ರ ಇರಬೇಕು. ೨೦೨೩ರಲ್ಲಿ ಬೆಂಗಳೂರು, ದೆಹಲಿಯ ಕರ್ತವ್ಯ ಪಥ ಮತ್ತು ನೊಯ್ಡಾಗಳಲ್ಲಿ ಪ್ರಯೋಗ ನಡೆಯಿತು. ೨೦೨೪ರ ಜನವರಿಯಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಕಾರ್ಯದರ್ಶಿಗಳು, ಪ್ರಯೋಗವನ್ನು ೧೯ ನಗರಗಳಿಗೆ ವಿಸ್ತರಿಸಲಾಗುವುದೆಂದೂ, ೪೭೦ರಿಂದ ೫೮೨ ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಇದಕ್ಕಾಗಿ ಮೀಸಲಿಡಬೇಕೆಂದು ಖಾತೆ ಒತ್ತಾಯಿಸುತ್ತಿದೆಯೆಂದೂ ಹೇಳಿದರು. ಮೊಬೈಲ್ ಕಂಪನಿಗಳಿಗೂ ಫೋನ್ ತಯಾರಕರಿಗೂ ಇದು ಅಷ್ಟಾಗಿ ರುಚಿಸಿಲ್ಲ.

ತರಂಗಪಟ್ಟಿ ಅದೇ ಯುಎಚ್‌ಎಫ್ ಆದುದರಿಂದ ಮೇಲೆ ಹೇಳಿದ ಲೆಕ್ಕವೇ ಇದಕ್ಕೂ ಅನ್ವಯಿಸುತ್ತದೆ. ಫೋನು ಇರುವುದು ಅಂಗಿಯ ಜೇಬಿನಲ್ಲಿ, ಗೋಡೆಗಳ ಒಳಗೆ. ಮಾಳಿಗೆಯ ಕಂಬದ ತುದಿಯಲ್ಲಿ ಅಲ್ಲ. ಕಲಬುರ್ಗಿಯಲ್ಲಿ ಒಂದು ಗೋಪುರವೇರಿದರೆ ಘಾಟಬೋರಾಳದ ಒಳಮನೆಗೆ ಅದು ಮುಟ್ಟುವುದಿಲ್ಲ. ಹುಮನಾಬಾದದಲ್ಲಿಯೂ ಬಸವಕಲ್ಯಾಣದಲ್ಲಿಯೂ ಸಣ್ಣ ಪ್ರೇಷಕಗಳು ಬೇಕಾಗುತ್ತವೆ. ಹತ್ತೊಂಬತ್ತು ನಗರಗಳ ಪಟ್ಟಿ ಬೆಳೆಯುವ ಕಾಲಕ್ಕೆ ಬೀದರ ಜಿಲ್ಲೆಯ ಎರಡು ಮೂರು ತಾಲೂಕು ಸ್ಥಳಗಳ ಹೆಸರುಗಳನ್ನು ಅದರಲ್ಲಿ ಸೇರಿಸಬೇಕೆಂದು, ಚಂದನವನ್ನು ಆ ಪ್ರಸಾರದ ಮೊದಲ ವಾಹಿನಿಗಳಲ್ಲಿ ಇಡಬೇಕೆಂದು ನಮ್ಮ ಲೋಕಸಭಾ ಸದಸ್ಯರಿಗೆ, ಪ್ರಸಾರ ಭಾರತಿಗೆ ಗ್ರಾಮ ಪಂಚಾಯತಿಗಳು ಈಗಲೇ ಠರಾವು ಮಾಡಿ ಕಳುಹಿಸಬಹುದು. ೨೦೧೬ರ ಪಟ್ಟಿ ಸಿದ್ಧವಾಗುವಾಗ ನಮ್ಮ ಕಡೆಯಿಂದ ಅಂತಹ ಠರಾವು ಹೋದ ಸುದ್ದಿ ನಮ್ಮ ಕಿವಿಗೆ ಬಿದ್ದಿಲ್ಲ.